ಎಲ್‌ಡಿಎಲ್ 62, ಎಚ್‌ಎಸ್-ಸಿಆರ್‌ಪಿ 3.4, ಐಎಲ್-6 5.8: ಸ್ಟೆಂಟ್ ಆದವರ ಈ ರಿಪೋರ್ಟನ್ನು ಹೇಗೆ ಓದಬೇಕು?

ತಾಲ್ಲೂಕು ಫಿಸಿಷಿಯನ್ (ಪ್ರಶ್ನೆ)

ಕೋವಿಡ್ ಬಂದ ಮೇಲೆ ಐಎಲ್-6 (ಉರಿಯೂತದ ಸಂದೇಶ ಹೊತ್ತೊಯ್ಯುವ ಪ್ರೋಟೀನ್, ಅಂದರೆ ಒಂದು ಸೈಟೊಕೈನ್) ಪರೀಕ್ಷೆ ಸಣ್ಣ ಊರಿನ ಕಲೆಕ್ಷನ್ ಸೆಂಟರ್‌ಗಳವರೆಗೂ ಬಂತು. ಈಗ ಅದಕ್ಕೆ ಟಿಎನ್‌ಎಫ್-ಆಲ್ಫಾ ಎಂಬ ಇನ್ನೊಂದು ಸೈಟೊಕೈನ್ ಸೇರಿಸಿ ‘ಹಾರ್ಟ್ ಪ್ಯಾಕೇಜ್’ ಅಂತ ಮಾಡಿಸಿಕೊಂಡು ಬರುತ್ತಿದ್ದಾರೆ. ಅಂಥ ಒಂದು ರಿಪೋರ್ಟ್ ಇಟ್ಟುಕೊಂಡು ಕೇಳುತ್ತಿದ್ದೇನೆ.

ಗಂಡಸು, 52 ವರ್ಷ. ಎಂಟು ತಿಂಗಳ ಹಿಂದೆ ಹಾರ್ಟ್ ಅಟ್ಯಾಕ್, ಎಲ್‌ಎಡಿಗೆ (ಹೃದಯದ ಮುಂಭಾಗದ ಮುಖ್ಯ ರಕ್ತನಾಳ) ಒಂದು ಸ್ಟೆಂಟ್. ಎಕೋದಲ್ಲಿ ಇಎಫ್ (ಪ್ರತಿ ಬಡಿತಕ್ಕೆ ಹೃದಯ ಹೊರದಬ್ಬುವ ರಕ್ತದ ಪಾಲು) 55%. ಆಸ್ಪಿರಿನ್ 75, ಕ್ಲೊಪಿಡೋಗ್ರೆಲ್ 75, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಗುಂಪಿನ ರೋಸುವಾಸ್ಟ್ಯಾಟಿನ್ 20. ಆಸ್ತಮಾ ಇರುವುದರಿಂದ ಬೀಟಾ ಬ್ಲಾಕರ್ ಬದಲು ಡಿಲ್ಟಿಯಾಜೆಮ್ ಎಸ್‌ಆರ್ 90. ಬೀಡಿ ಬಿಟ್ಟು ಎಂಟು ತಿಂಗಳು. ಸೊಂಟದ ಸುತ್ತಳತೆ 102 ಸೆಂ.ಮೀ., ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸಕ್ಕರೆಯ ಅಳತೆ) 6.9, ಕ್ರಿಯಾಟಿನಿನ್ 1.1. ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬರುತ್ತದೆ.

ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 62. ಎಚ್‌ಎಸ್-ಸಿಆರ್‌ಪಿ (ಉರಿಯೂತವಿದ್ದಾಗ ಏರುವ ಸಿಆರ್‌ಪಿ ಪ್ರೋಟೀನಿನ ಸೂಕ್ಷ್ಮ ಅಳತೆ) 3.4 ಮಿಗ್ರಾಂ/ಲೀ. ಐಎಲ್-6 5.8 ಪಿಕೋಗ್ರಾಂ/ಮಿಲೀ, ಪಕ್ಕದಲ್ಲಿ ‘ನಾರ್ಮಲ್: 7ಕ್ಕಿಂತ ಕಡಿಮೆ’ ಎಂದು ಅಚ್ಚಾಗಿದೆ. ಟಿಎನ್‌ಎಫ್-ಆಲ್ಫಾ ಕೂಡ ‘ನಾರ್ಮಲ್’. ರಕ್ತ ಕೊಟ್ಟ ವಾರ ನೆಗಡಿ ಇತ್ತಂತೆ.

ಸಿಆರ್‌ಪಿ ಜಾಸ್ತಿ, ಐಎಲ್-6 ನಾರ್ಮಲ್ ಅಂದರೆ ಏನರ್ಥ? ಯಾವುದನ್ನು ನಂಬಬೇಕು? ಇವರಿಗೆ ಕಾಲ್ಚಿಸಿನ್ (ಗೌಟ್‌ಗೆ ಕೊಡುವ, ಉರಿಯೂತ ತಗ್ಗಿಸುವ ಹಳೆಯ ಮಾತ್ರೆ) ಶುರು ಮಾಡಬಹುದೇ? ಹೇಗೂ ಐಎಲ್-6ರ ಗ್ರಾಹಿಗೆ ಅಡ್ಡ ಕೂರುವ ಟೊಸಿಲಿಜುಮ್ಯಾಬ್ ಚುಚ್ಚುಮದ್ದು ಸಿಗುತ್ತದಲ್ಲ, ಐಎಲ್-6 ಅನ್ನೇ ನೇರವಾಗಿ ತಡೆದರೆ ಆಗದೇ ಎಂದೂ ಒಬ್ಬರು ಕೇಳಿದರು.

ಕ್ಲಿನಿಕಲ್ ಬಯೋಕೆಮಿಸ್ಟ್ರಿ

ನೆಗಡಿಯಿಂದ ಶುರು ಮಾಡೋಣ ಸರ್. ಆ ಒಂದು ಸಾಲಿನಿಂದ ಇಡೀ ರಿಪೋರ್ಟಿನ ಬೆಲೆ ಅರ್ಧಕ್ಕಿಳಿಯಿತು. ಶೀತ, ಹಲ್ಲುನೋವು, ಕಾಲಿನ ಗಾಯ, ಲಸಿಕೆ, ಮೈ ನೋಯುವಷ್ಟು ದುಡಿತ, ಇವುಗಳಲ್ಲಿ ಯಾವುದಾದರೂ ಎಚ್‌ಎಸ್-ಸಿಆರ್‌ಪಿಯನ್ನು ಕೆಲವು ದಿನ ಮೇಲಕ್ಕೆತ್ತಿ ಇಡುತ್ತದೆ. ಸಿಆರ್‌ಪಿಯ ಅರ್ಧಾಯು ಸುಮಾರು 19 ಗಂಟೆ. ಪ್ರಚೋದನೆ ನಿಂತರೆ ತಾನಾಗಿ ಇಳಿಯುತ್ತದೆ, ಆದರೆ ನಿಲ್ಲಬೇಕಲ್ಲ. ಪೂರ್ತಿ ಗುಣವಾದ ಮೇಲೆ ಎರಡು ವಾರ ಬಿಟ್ಟು ಒಮ್ಮೆ, ಮತ್ತೆರಡು ವಾರಕ್ಕೆ ಇನ್ನೊಮ್ಮೆ ಮಾಡಿಸಿ ಸರಾಸರಿ ತೆಗೆದುಕೊಳ್ಳಿ. 10 ದಾಟಿದ ಬೆಲೆಯನ್ನು ಹೃದಯದ ಲೆಕ್ಕಕ್ಕೆ ಸೇರಿಸಬೇಡಿ, ಸೋಂಕು ಎಲ್ಲಿದೆ ಎಂದು ಹುಡುಕಿ. ಹಾರ್ಟ್ ಅಟ್ಯಾಕ್ ಆದ ಮೇಲೆ ಕನಿಷ್ಠ ಒಂದು ತಿಂಗಳು ಕಾಯಬೇಕು. ಸತ್ತ ಸ್ನಾಯುವೇ ಸಿಆರ್‌ಪಿಯನ್ನು ಏರಿಸಿರುತ್ತದೆ.

ಪರೀಕ್ಷೆಗೆ ಬರೆಯುವಾಗ ‘ಸಿಆರ್‌ಪಿ’ ಎಂದಷ್ಟೇ ಬರೆದರೆ ಸಣ್ಣ ಲ್ಯಾಬ್‌ನಲ್ಲಿ ಸ್ಲೈಡ್ ಮೇಲಿನ ಲ್ಯಾಟೆಕ್ಸ್ ಪರೀಕ್ಷೆ ಮಾಡಿ ‘ನೆಗೆಟಿವ್’ ಎಂದು ಕೊಡುತ್ತಾರೆ. ಅದು ಪಾಸಿಟಿವ್ ಆಗುವುದೇ ಸುಮಾರು 6 ಮಿಗ್ರಾಂ/ಲೀ.ನಿಂದ ಮೇಲೆ. ನಮಗೆ ಬೇಕಾದ ಗೆರೆಗಳು 1, 2 ಮತ್ತು 3. ಇನ್ನೊಂದು ಎಡವಟ್ಟು ಘಟಕದ್ದು: ಕೆಲವರು ಮಿಗ್ರಾಂ/ಡೆಸಿಲೀಟರ್‌ನಲ್ಲಿ ಕೊಡುತ್ತಾರೆ. ಅಲ್ಲಿ 0.34 ಎಂದರೆ ಇಲ್ಲಿ 3.4. ಹತ್ತು ಪಟ್ಟು ತಪ್ಪು ಓದಿ ‘ಕಡಿಮೆ ಅಪಾಯ’ ಎಂದು ಬರೆದ ಕೇಸ್ ಶೀಟ್‌ಗಳು ಅಪರೂಪವೇನಲ್ಲ.

ಇನ್ನು ಐಎಲ್-6. ‘7ಕ್ಕಿಂತ ಕಡಿಮೆ ನಾರ್ಮಲ್’ ಎಂಬುದು ತೀವ್ರ ಸೋಂಕು ಇದೆಯೋ ಇಲ್ಲವೋ ಎಂದು ನೋಡಲು ಇಟ್ಟ ಗೆರೆ. ಸೆಪ್ಸಿಸ್‌ನಲ್ಲಿ (ಸೋಂಕಿಗೆ ಇಡೀ ದೇಹ ತತ್ತರಿಸುವ ಸ್ಥಿತಿ) ಈ ಸಂಖ್ಯೆ ನೂರು, ಸಾವಿರಕ್ಕೆ ಹೋಗುತ್ತದೆ, ಅಲ್ಲಿ 7 ಸಾಕು. ಪರಿಧಮನಿ ರೋಗದಲ್ಲಿ (ಹೃದಯದ ರಕ್ತನಾಳ ಕಿರಿದಾಗುವ ರೋಗ) ಅರ್ಥವಿರುವ ವ್ಯತ್ಯಾಸವೆಲ್ಲ 1ರಿಂದ 5ರೊಳಗೆ ನಡೆಯುತ್ತದೆ. ಹೃದ್ರೋಗಿಗಳಿಗೆ ಉರಿಯೂತ ತಡೆಯುವ ಔಷಧಿ ಕೊಟ್ಟು ನೋಡಿದ ಕ್ಯಾಂಟೋಸ್ ಪ್ರಯೋಗದಲ್ಲಿ ಚಿಕಿತ್ಸೆಯ ನಂತರದ ಐಎಲ್-6ರ ಮಧ್ಯಬೆಲೆ 1.65 ಇತ್ತು. ಆದ್ದರಿಂದ 5.8 ‘ನಾರ್ಮಲ್’ ಅಲ್ಲ, ಹೃದಯದ ಅಳತೆಗೋಲಿನಲ್ಲಿ ಜಾಸ್ತಿಯೇ. ನಿಮ್ಮ ಎರಡು ಸಂಖ್ಯೆಗಳೂ ಒಂದೇ ಮಾತು ಹೇಳುತ್ತಿವೆ, ತಪ್ಪಿರುವುದು ಪಕ್ಕದಲ್ಲಿ ಅಚ್ಚಾದ ಗೆರೆ. ಆಸ್ಪತ್ರೆಗಳಲ್ಲಿ ಬಳಕೆಯಲ್ಲಿರುವ ಸಾಮಾನ್ಯ ಯಂತ್ರಗಳು ಅಳೆಯುವ ಕನಿಷ್ಠ ಮಿತಿಯೇ 1.5ರ ಸುಮಾರು ಎಂಬುದನ್ನೂ ನೆನಪಿಡಿ. ನಿರ್ಧಾರ ಆಗಬೇಕಾದ ಜಾಗದಲ್ಲೇ ಯಂತ್ರದ ಕಣ್ಣು ಮಂಜು.

ಸ್ಯಾಂಪಲ್ ಕೆಡುವ ದಾರಿಗಳೂ ಬಹಳ. ರಕ್ತವನ್ನು ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್‌ನಲ್ಲಿ ತೆಗೆದು, ಬೇಗನೆ 1500 ಜಿ ಬಲದಲ್ಲಿ 10-15 ನಿಮಿಷ ತಿರುಗಿಸಿ, ಪ್ಲಾಸ್ಮಾ ಬೇರ್ಪಡಿಸಿ, ಅರ್ಧ ಅರ್ಧ ಮಿಲೀ ಹಂಚಿ ಮೈನಸ್ 80 ಡಿಗ್ರಿಯಲ್ಲಿಡಬೇಕು. ಹೆಪ್ಪುಗಟ್ಟಲು ಬಿಟ್ಟ ಸೀರಮ್‌ನಲ್ಲಿ ಪ್ಲೇಟ್‌ಲೆಟ್ ಮತ್ತು ಬಿಳಿ ಕಣಗಳು ಟ್ಯೂಬಿನೊಳಗೇ ಸೈಟೊಕೈನ್ ಸುರಿಸುತ್ತವೆ. ತಾಲ್ಲೂಕಿನ ಕಲೆಕ್ಷನ್ ಸೆಂಟರ್‌ನಿಂದ ಬಸ್ಸಿನಲ್ಲಿ ಸಂಜೆ ಹೊರಟು ಮರುದಿನ ಮುಟ್ಟುವ, ತಿರುಗಿಸದ ಟ್ಯೂಬಿನ ಐಎಲ್-6ಗೆ ಅರ್ಥ ಕಟ್ಟಬೇಡಿ. ಡ್ರಿಪ್ ಹಾಕಿದ ಕ್ಯಾನುಲಾದಿಂದ ಎಳೆದ ರಕ್ತವೂ ಬೇಡ. ಸೂಜಿ ಕೂತ ಜಾಗದ ಉರಿಯೂತದ ಐಎಲ್-6 ಅದರಲ್ಲಿ ಸೇರಿರುತ್ತದೆ. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುವವರಲ್ಲಿ ಬಯೋಟಿನ್-ಸ್ಟ್ರೆಪ್ಟಾವಿಡಿನ್ ಆಧರಿಸಿದ ಯಂತ್ರಗಳು ಸುಳ್ಳು ಕಡಿಮೆ ತೋರಿಸಬಹುದು, ರುಮಟಾಯ್ಡ್ ಫ್ಯಾಕ್ಟರ್ ಇದ್ದವರಲ್ಲಿ ಸುಳ್ಳು ಹೆಚ್ಚು. ಎಚ್‌ಎಸ್-ಸಿಆರ್‌ಪಿಗೆ ಇಷ್ಟು ಗೋಳಿಲ್ಲ: ಖಾಲಿ ಹೊಟ್ಟೆ ಬೇಡ, ಬೆಳಿಗ್ಗೆ-ಸಂಜೆ ಹೆಚ್ಚು ವ್ಯತ್ಯಾಸವಿಲ್ಲ, ಟ್ಯೂಬಿನಲ್ಲಿ ಬೇಗ ಕೆಡುವುದೂ ಇಲ್ಲ.

ಟಿಎನ್‌ಎಫ್-ಆಲ್ಫಾ ನಿಮಿಷಗಳಲ್ಲಿ ರಕ್ತದಿಂದ ಮಾಯವಾಗುತ್ತದೆ, ಉಳಿದದ್ದು ರಕ್ತದಲ್ಲಿ ಕರಗಿದ ಗ್ರಾಹಿಗಳಿಗೆ (ಸೈಟೊಕೈನ್ ಬಂದು ಕೂರುವ ಪ್ರೋಟೀನ್‌ಗಳು) ಅಂಟಿಕೊಂಡಿರುತ್ತದೆ. ಆ ಪರೀಕ್ಷೆಗೆ ಹಣ ಕೊಡಿಸಬೇಡಿ. ಐಎಲ್-6 ಅನ್ನು ಎಬ್ಬಿಸುವ ಐಎಲ್-1 ಬೀಟಾ ಹೆಚ್ಚಿನವರಲ್ಲಿ ಅಳತೆಗೇ ಸಿಗುವುದಿಲ್ಲ.

ಕಾರ್ಡಿಯಾಲಜಿ, ಮೈಸೂರು ಕಡೆ

ಮೇಲಿನ ಉತ್ತರಕ್ಕೆ ಸೇರಿಸಿ ಚಿಕಿತ್ಸೆಯ ಮಾತು.

ರಕ್ತನಾಳದ ಗೋಡೆಯಲ್ಲಿ ಸೇರಿಕೊಂಡ ಎಲ್‌ಡಿಎಲ್‌ನ ಕೊಲೆಸ್ಟ್ರಾಲ್ ಹರಳುಗಟ್ಟುತ್ತದೆ. ಅದನ್ನು ನುಂಗಿದ ಮ್ಯಾಕ್ರೊಫೇಜ್‌ (ಕಸ ನುಂಗುವ ರಕ್ಷಕ ಕೋಶ) ಒಳಗೆ ಎನ್‌ಎಲ್‌ಆರ್‌ಪಿ3 ಇನ್‌ಫ್ಲಮಸೋಮ್ ಎಂಬ ಉರಿಯೂತ ಹೊತ್ತಿಸುವ ಪ್ರೋಟೀನ್ ಗುಚ್ಛ ಜೋಡಣೆಯಾಗಿ, ಕ್ಯಾಸ್ಪೇಸ್-1 ಕಿಣ್ವ ಕೆಲಸ ಶುರು ಮಾಡಿ, ಐಎಲ್-1 ಬೀಟಾ ಮತ್ತು ಐಎಲ್-18 ಹೊರಬರುತ್ತವೆ. ಐಎಲ್-1 ಬೀಟಾ ಪಕ್ಕದ ಕೋಶಗಳಿಂದ ಐಎಲ್-6 ಎಬ್ಬಿಸುತ್ತದೆ, ಐಎಲ್-6 ಯಕೃತ್ತಿಗೆ ಹೋಗಿ ಸಿಆರ್‌ಪಿ, ಫೈಬ್ರಿನೊಜೆನ್ ತಯಾರಿಸಲು ಹೇಳುತ್ತದೆ. ನಾವು ಅಳೆಯುವುದು ಈ ಸಾಲಿನ ಕೊನೆಯವನನ್ನು. ಅವನು ಸೈಟೊಕೈನ್ ಅಲ್ಲ, ಅಪರಾಧಿಯೂ ಅಲ್ಲ. ಮೇಲೆ ನಡೆಯುತ್ತಿರುವುದನ್ನು ಕಡಿಮೆ ಖರ್ಚಿನಲ್ಲಿ, ಸ್ಥಿರವಾಗಿ ತೋರಿಸುತ್ತಾನೆ, ಅಷ್ಟೇ.

ಈ ಸಾಲನ್ನು ಎಲ್ಲಿ ಕತ್ತರಿಸಿದರೆ ಲಾಭ ಎಂಬುದಕ್ಕೆ ದೊಡ್ಡ ಪ್ರಯೋಗಗಳಿವೆ. 2017ರ ಕ್ಯಾಂಟೋಸ್: ಹಿಂದೆ ಹಾರ್ಟ್ ಅಟ್ಯಾಕ್ ಆಗಿ, ಎಚ್‌ಎಸ್-ಸಿಆರ್‌ಪಿ 2 ಅಥವಾ ಹೆಚ್ಚು ಇದ್ದ 10,061 ಮಂದಿ. ಐಎಲ್-1 ಬೀಟಾ ತಡೆಯುವ ಕೆನಕಿನುಮ್ಯಾಬ್ 150 ಮಿಗ್ರಾಂ ಮೂರು ತಿಂಗಳಿಗೊಮ್ಮೆ ಚರ್ಮದಡಿ. ಎಲ್‌ಡಿಎಲ್ ಒಂದಿಷ್ಟೂ ಇಳಿಯಲಿಲ್ಲ, ಆದರೂ ಹೃದಯಾಘಾತ, ಪಾರ್ಶ್ವವಾಯು, ಹೃದಯಸಂಬಂಧಿ ಸಾವು ಸೇರಿ 15% ಇಳಿದವು. ಉರಿಯೂತವನ್ನೇ ತಡೆದರೆ ಹೃದಯಕ್ಕೆ ಲಾಭವಿದೆ ಎಂದು ಮನುಷ್ಯರಲ್ಲಿ ಸಾಬೀತಾಗಿದ್ದು ಅಲ್ಲಿ. ಬೆಲೆ ತೆತ್ತಿದ್ದೂ ಉಂಟು: ಸೋಂಕಿನಿಂದ ಸಾವು ವರ್ಷಕ್ಕೆ 100 ಜನರಲ್ಲಿ 0.18 ಇದ್ದದ್ದು 0.31ಕ್ಕೆ ಏರಿತು, ಒಟ್ಟು ಸಾವಿನ ಸಂಖ್ಯೆ ಬದಲಾಗಲಿಲ್ಲ. ಹೃದಯರೋಗಕ್ಕೆ ಅಮೆರಿಕದ ಎಫ್‌ಡಿಎ ಅದನ್ನು ಒಪ್ಪಲಿಲ್ಲ.

ಯಾವ ಉರಿಯೂತ ತಡೆದರೂ ಆಗುತ್ತದೆಯೇ? ಇಲ್ಲ. ಸಿಐಆರ್‌ಟಿ ಪ್ರಯೋಗದಲ್ಲಿ 4786 ಮಂದಿಯ ಪೈಕಿ ಸುಮಾರು ಅರ್ಧ ಜನರಿಗೆ ವಾರಕ್ಕೆ 15-20 ಮಿಗ್ರಾಂ ಮೆಥೊಟ್ರೆಕ್ಸೇಟ್ ಕೊಟ್ಟರು. ಐಎಲ್-1 ಬೀಟಾ, ಐಎಲ್-6, ಸಿಆರ್‌ಪಿ ಮೂರೂ ಇಳಿಯಲಿಲ್ಲ, ಹೃದಯಾಘಾತವೂ ಕಡಿಮೆಯಾಗಲಿಲ್ಲ. ಟಿಎನ್‌ಎಫ್ ತಡೆಯುವ ಇನ್‌ಫ್ಲಿಕ್ಸಿಮ್ಯಾಬನ್ನು ಹೃದಯ ವೈಫಲ್ಯದಲ್ಲಿ ಕೆಜಿಗೆ 10 ಮಿಗ್ರಾಂ ಕೊಟ್ಟಾಗ ರೋಗಿಗಳ ಸ್ಥಿತಿ ಕೆಟ್ಟಿತು. ಹಾಗಾಗಿ ‘ಇನ್‌ಫ್ಲಮೇಶನ್ ಪ್ರೊಫೈಲ್’ ಎಂದು ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕುವುದನ್ನು ನಾನು ಒಪ್ಪುವುದಿಲ್ಲ. ಇಲ್ಲಿ ಲೆಕ್ಕಕ್ಕೆ ಬರುವುದು ಐಎಲ್-1, ಐಎಲ್-6, ಸಿಆರ್‌ಪಿ ಸಾಲು.

ನಿಮ್ಮ ರೋಗಿಗೆ ಮೊದಲು ಎಲ್‌ಡಿಎಲ್. ಯುರೋಪಿನ ಮಾರ್ಗಸೂಚಿಯ ಗುರಿ 55ರ ಕೆಳಗೆ, ಇವರು 62ರಲ್ಲಿದ್ದಾರೆ. ಸ್ಟ್ಯಾಟಿನ್ ಡೋಸ್ ದುಪ್ಪಟ್ಟು ಮಾಡಿದರೆ ಸಿಗುವುದು ಇನ್ನೊಂದು 6% ಮಾತ್ರ; ಎಜೆಟಿಮೈಬ್ 10 ಸೇರಿಸಿದರೆ ಸುಮಾರು 20%, ಅಂದರೆ 50ರ ಹತ್ತಿರ. ಆಮೇಲೆ ಉರಿಯೂತದ ಮೂಲ ಹುಡುಕಿ. ವಸಡಿನ ರೋಗಕ್ಕೆ ದಂತವೈದ್ಯರ ಹತ್ತಿರ ಸ್ಕೇಲಿಂಗ್ ಮಾಡಿಸಲಿ, ಆದರೆ ಮಾಡಿಸಿದ ಕೂಡಲೇ ಸಿಆರ್‌ಪಿ ನೋಡಬೇಡಿ, ಕೆಲವು ದಿನ ಏರಿರುತ್ತದೆ. ಸೊಂಟ 102 ಎಂಬುದು ಸಣ್ಣ ಮಾತಲ್ಲ: ವಿಶ್ರಾಂತಿಯಲ್ಲಿ ರಕ್ತದಲ್ಲಿರುವ ಐಎಲ್-6ರಲ್ಲಿ ಸುಮಾರು ಮೂರನೇ ಒಂದು ಪಾಲು ಕೊಬ್ಬಿನ ಅಂಗಾಂಶದಿಂದಲೇ ಬರುತ್ತದೆ ಎಂಬ ಅಂದಾಜಿದೆ. ಆಸ್ತಮಾ ಹತೋಟಿಯಲ್ಲಿದೆಯೇ ನೋಡಿ. ಫ್ಲೂ ಲಸಿಕೆಯನ್ನು ಮರೆಯಲೇಬೇಡಿ. ಐಎಎಮ್‌ಐ ಪ್ರಯೋಗದಲ್ಲಿ ಹಾರ್ಟ್ ಅಟ್ಯಾಕ್ ಆದವರಿಗೆ ಆಸ್ಪತ್ರೆಯಲ್ಲೇ ಫ್ಲೂ ಲಸಿಕೆ ಕೊಟ್ಟಾಗ ವರ್ಷದೊಳಗೆ ಸಾವು, ಮರು ಹೃದಯಾಘಾತ, ಸ್ಟೆಂಟ್ ಮುಚ್ಚಿಕೊಳ್ಳುವುದು ಸೇರಿ 7.2% ಇದ್ದದ್ದು 5.3%ಗೆ ಇಳಿಯಿತು. ನೂರಾರು ರೂಪಾಯಿಯ ಪರೀಕ್ಷೆಗಿಂತ ಈ ಒಂದು ಚುಚ್ಚು ಹೆಚ್ಚು ಕೆಲಸ ಮಾಡುತ್ತದೆ.

ಇಷ್ಟಾಗಿ ಎರಡು ಸಲದ ಸರಾಸರಿ ಎಚ್‌ಎಸ್-ಸಿಆರ್‌ಪಿ 2ರ ಮೇಲೇ ಉಳಿದರೆ ಕಾಲ್ಚಿಸಿನ್ 0.5 ಮಿಗ್ರಾಂ ದಿನಕ್ಕೊಂದು, ಅದಕ್ಕಿಂತ ಹೆಚ್ಚಿಲ್ಲ. ಸ್ಥಿರವಾದ ರೋಗಿಗಳಿಗೆ ಕಾಲ್ಚಿಸಿನ್ ಕೊಟ್ಟು ನೋಡಿದ ಲೋಡೋಕೋ2 ಪ್ರಯೋಗದಲ್ಲಿ (2020, 5522 ಮಂದಿ) 9.6% ಇದ್ದ ಘಟನೆಗಳು 6.8%ಗೆ, ಹಾರ್ಟ್ ಅಟ್ಯಾಕ್ ಆಗಿ 30 ದಿನದೊಳಗೆ ಶುರು ಮಾಡಿದ ಕೋಲ್ಕಾಟ್‌ನಲ್ಲಿ (2019, 4745 ಮಂದಿ) 7.1%ನಿಂದ 5.5%ಗೆ ಇಳಿದವು. ಯುರೋಪಿನ 2024ರ ಮಾರ್ಗಸೂಚಿ ದೀರ್ಘಕಾಲದ ಪರಿಧಮನಿ ರೋಗದಲ್ಲಿ ಇದನ್ನು ‘ಪರಿಗಣಿಸಬೇಕು’ ಎಂಬ ದರ್ಜೆಗೆ ಏರಿಸಿದೆ. ಒಂದು ವಿಷಯ ನೇರವಾಗಿ ಹೇಳಬೇಕು: ಈ ಎರಡರಲ್ಲೂ ಸಿಆರ್‌ಪಿ ನೋಡಿ ರೋಗಿಗಳನ್ನು ಆರಿಸಿರಲಿಲ್ಲ. ಸಿಆರ್‌ಪಿ ಹೆಚ್ಚಿದ್ದವರಿಗೇ ಹೆಚ್ಚು ಲಾಭ ಎಂಬುದು ತರ್ಕಕ್ಕೆ ಒಪ್ಪುತ್ತದೆ, ಅವು ಸಾಬೀತು ಮಾಡಿದ್ದಲ್ಲ.

ತಾಲ್ಲೂಕು ಫಿಸಿಷಿಯನ್

ಧನ್ಯವಾದ ಸರ್. ಆದರೆ ಕಾಲ್ಚಿಸಿನ್‌ನದೇ 2024ರ ಪ್ರಯೋಗ ಕ್ಲಿಯರ್ ಸಿನರ್ಜಿಯಲ್ಲಿ 7062 ಮಂದಿಯಲ್ಲಿ ಲಾಭವೇ ಕಾಣಲಿಲ್ಲವಲ್ಲ? ಘಟನೆಗಳು ಕಾಲ್ಚಿಸಿನ್ ಗುಂಪಿನಲ್ಲಿ 9.1%, ಪ್ಲಸೀಬೊ (ಔಷಧಿಯಿಲ್ಲದ ಮಾತ್ರೆ) ಗುಂಪಿನಲ್ಲಿ 9.3%. ಅದಾದ ಮೇಲೂ ಶಿಫಾರಸು ಮಾಡುತ್ತೀರಾ?

ಕಾರ್ಡಿಯಾಲಜಿ, ಮೈಸೂರು ಕಡೆ

ಕೇಳಬೇಕಾದ ಪ್ರಶ್ನೆ. ಕ್ಲಿಯರ್ ಸಿನರ್ಜಿಯಲ್ಲಿದ್ದವರೆಲ್ಲ ಹಾರ್ಟ್ ಅಟ್ಯಾಕ್ ಆಗಿ ಆಗಷ್ಟೇ ಆಂಜಿಯೋಪ್ಲಾಸ್ಟಿ ಆದವರು. ಆ ದಿನಗಳ ಉರಿಯೂತ ಬಹುಪಾಲು ಸತ್ತ ಸ್ನಾಯುವನ್ನು ಗುಡಿಸಿ ಗಾಯ ಮಾಯಿಸುವ ಕೆಲಸದ್ದು. ಪ್ರಯೋಗದ ನಡುವೆ ಕೋವಿಡ್ ಬೇರೆ ಬಂತು. ಮೂರು ತಿಂಗಳಿಗೆ ಸಿಆರ್‌ಪಿ ಪ್ಲಸೀಬೊಗಿಂತ ಕಡಿಮೆಯಿತ್ತು, ಘಟನೆಗಳು ಮಾತ್ರ ಇಳಿಯಲಿಲ್ಲ. ಅದನ್ನು ತಳ್ಳಿಹಾಕುವ ಹಾಗಿಲ್ಲ. ಆಸ್ಪತ್ರೆಯಿಂದ ಮನೆಗೆ ಕಳಿಸುವ ಚೀಟಿಯಲ್ಲೇ ಎಲ್ಲರಿಗೂ ಕಾಲ್ಚಿಸಿನ್ ಬರೆಯುವುದನ್ನು ನಾನು ಇದೇ ಕಾರಣಕ್ಕೆ ಒಪ್ಪುವುದಿಲ್ಲ. ನಿಮ್ಮ ರೋಗಿ ಎಂಟು ತಿಂಗಳು ದಾಟಿದ್ದಾರೆ, ಲೋಡೋಕೋ2 ಗುಂಪಿಗೆ ಹತ್ತಿರ. ಅಲ್ಲಿಯೂ ಒಂದು ಗಮನಿಸಿ: ಮೊದಲ ಒಂದು ತಿಂಗಳು ಎಲ್ಲರಿಗೂ ಮಾತ್ರೆ ಕೊಟ್ಟು ನೋಡಿ, ಹೊಟ್ಟೆಗೆ ಒಗ್ಗದವರು ಹೊರಗುಳಿದ ಮೇಲೆ ಪ್ರಯೋಗ ಶುರುವಾಯಿತು. ಸೇರಿದ 6528 ಮಂದಿಯಲ್ಲಿ ಸುಮಾರು ಸಾವಿರ ಮಂದಿ, ಹಲವರು ಹೊಟ್ಟೆಗೆ ಒಗ್ಗದೆ, ಉಳಿದವರು ಬೇರೆ ಕಾರಣಗಳಿಗೆ, ಶುರುವಿನಲ್ಲೇ ಹೊರಗುಳಿದರು. ನಿಮ್ಮ ಕ್ಲಿನಿಕ್‌ನಲ್ಲಿ ಭೇದಿ ಆಗುವವರ ಪ್ರಮಾಣ ಪ್ರಯೋಗದ್ದಕ್ಕಿಂತ ಹೆಚ್ಚೇ ಇರುತ್ತದೆ. ಹೃದಯೇತರ ಸಾವುಗಳು ಕಾಲ್ಚಿಸಿನ್ ಗುಂಪಿನಲ್ಲಿ ತುಸು ಹೆಚ್ಚಿದ್ದವು, ಸಂಖ್ಯಾಶಾಸ್ತ್ರದ ಗೆರೆ ದಾಟಲಿಲ್ಲ, ಆದರೂ ಕಣ್ಣಿಟ್ಟಿರಬೇಕು.

ಜೆನೆಟಿಕ್ಸ್ ಸಂಶೋಧಕಿ

ಟೊಸಿಲಿಜುಮ್ಯಾಬ್ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ, ಐಎಲ್-6 ಅಳತೆಯ ಬಗ್ಗೆಯೂ ಅದರಲ್ಲೇ ಒಂದು ಪಾಠವಿದೆ.

ಐಎಲ್-6 ಗ್ರಾಹಿಯ ಜೀನ್‌ನಲ್ಲಿ 358ನೇ ಸ್ಥಾನದ ಆಸ್ಪಾರ್ಟೇಟ್ ಬದಲು ಅಲನಿನ್ ಇರುವ ರೂಪ ಬಹಳ ಜನರಲ್ಲಿದೆ. 2012ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆಯ ಪ್ರಕಾರ ಆ ರೂಪದ ಪ್ರತಿಯೊಂದು ಪ್ರತಿಗೂ ಸಿಆರ್‌ಪಿ ಸುಮಾರು 7.5% ಕಡಿಮೆ, ಪರಿಧಮನಿ ರೋಗದ ಸಾಧ್ಯತೆ 3.4% ಕಡಿಮೆ, ಆದರೆ ರಕ್ತದಲ್ಲಿ ಐಎಲ್-6 ಮಟ್ಟ ಸುಮಾರು 15% ಹೆಚ್ಚು. ಗ್ರಾಹಿ ಕೋಶದ ಮೇಲಿಂದ ಕಳಚಿ ರಕ್ತಕ್ಕೆ ಬೀಳುತ್ತದೆ, ಸಂಕೇತ ಒಳಗೆ ಹೋಗುವುದು ಕಡಿಮೆಯಾಗುತ್ತದೆ, ಬಳಕೆಯಾಗದ ಐಎಲ್-6 ಹೊರಗೇ ತೇಲುತ್ತದೆ. ಟೊಸಿಲಿಜುಮ್ಯಾಬ್ ಕೊಟ್ಟಾಗಲೂ ಹೀಗೇ: ಸಂಕೇತ ನಿಲ್ಲುತ್ತದೆ, ಸಿಆರ್‌ಪಿ ನೆಲಕಚ್ಚುತ್ತದೆ, ಐಎಲ್-6 ರಿಪೋರ್ಟ್ ಮಾತ್ರ ಏರುತ್ತದೆ. ರಕ್ತದಲ್ಲಿ ಎಷ್ಟು ಐಎಲ್-6 ತೇಲುತ್ತಿದೆ ಎಂಬುದು ಬೇರೆ, ಅದರ ಮಾತು ಕೋಶಕ್ಕೆ ಎಷ್ಟು ಕೇಳಿಸಿತು ಎಂಬುದು ಬೇರೆ. ಎರಡನೆಯದನ್ನು ಸಿಆರ್‌ಪಿಯೇ ಚೆನ್ನಾಗಿ ಹೇಳುತ್ತದೆ. ಸಿಆರ್‌ಪಿಯ ಸ್ವಂತ ಜೀನ್ ರೂಪಗಳಿಂದ ಅದರ ಮಟ್ಟ ಹುಟ್ಟಿನಿಂದಲೇ ಹೆಚ್ಚಿರುವವರಲ್ಲಿ ಹೃದಯಾಘಾತ ಹೆಚ್ಚಿಲ್ಲ. ಹಾಗಾಗಿ ಸಿಆರ್‌ಪಿಯನ್ನೇ ಗುರಿ ಮಾಡುವ ಔಷಧಿಯಿಂದ ನನಗೆ ನಿರೀಕ್ಷೆಯಿಲ್ಲ, ಮೇಲಿನ ಐಎಲ್-6ರಿಂದ ಇದೆ.

ಟೊಸಿಲಿಜುಮ್ಯಾಬ್ ಇವರಿಗೆ ಬೇಡ. ಅದು ಎಲ್‌ಡಿಎಲ್ ಏರಿಸುತ್ತದೆ, ಸೋಂಕಿನ ಅಪಾಯವಿದೆ, ಸ್ಥಿರ ಪರಿಧಮನಿ ರೋಗದಲ್ಲಿ ಹೃದಯಾಘಾತ ತಡೆಯುತ್ತದೆಂದು ತೋರಿಸಿದ ಪ್ರಯೋಗವಿಲ್ಲ. ಐಎಲ್-6 ಅನ್ನೇ ಹಿಡಿಯುವ ಝಿಲ್ಟಿವೆಕಿಮ್ಯಾಬ್ 2021ರ ರೆಸ್ಕ್ಯೂ ಪ್ರಯೋಗದಲ್ಲಿ, ಮೂತ್ರಪಿಂಡ ರೋಗವೂ ಇದ್ದ 264 ಮಂದಿಯಲ್ಲಿ, ಎಚ್‌ಎಸ್-ಸಿಆರ್‌ಪಿಯನ್ನು ಡೋಸಿಗೆ ತಕ್ಕಂತೆ 77ರಿಂದ 92% ಇಳಿಸಿತು. ಆದರೆ ಅದು ಸಿಆರ್‌ಪಿಯ ಪ್ರಯೋಗ, ಹೃದಯಾಘಾತದ್ದಲ್ಲ.

ಫಾರ್ಮಕಾಲಜಿ

ಎಲ್ಲರೂ ದಾಟಿಕೊಂಡು ಹೋದ ಮಾತು ಪ್ರಶ್ನೆಯಲ್ಲೇ ಇದೆ: ಡಿಲ್ಟಿಯಾಜೆಮ್.

ಕಾಲ್ಚಿಸಿನ್ ದೇಹದಿಂದ ಹೊರಹೋಗುವುದು ಸಿವೈಪಿ3ಎ4 ಕಿಣ್ವ ಮತ್ತು ಪಿ-ಗ್ಲೈಕೊಪ್ರೋಟೀನ್ ಪಂಪ್ ಮೂಲಕ. ಡಿಲ್ಟಿಯಾಜೆಮ್, ವೆರಾಪಮಿಲ್ ಇದಕ್ಕೆ ಅಡ್ಡ ಬರುತ್ತವೆ. ವೆರಾಪಮಿಲ್ ಜೊತೆ ಕಾಲ್ಚಿಸಿನ್ ಪ್ರಮಾಣ ರಕ್ತದಲ್ಲಿ ಸುಮಾರು ದುಪ್ಪಟ್ಟಾಗುತ್ತದೆ, ಡಿಲ್ಟಿಯಾಜೆಮ್‌ನದು ಅದಕ್ಕಿಂತ ತುಸು ಕಡಿಮೆ. ಇವರಲ್ಲಿ ಮೊದಲು ಡಿಲ್ಟಿಯಾಜೆಮ್ ಇನ್ನೂ ಬೇಕೇ ಎಂದು ಕೇಳಿಕೊಳ್ಳಿ. ಬಿಪಿಗಾಗಿಯಾದರೆ ಬೇರೆ ಮಾತ್ರೆ ಸಾಕು. ಬೇಕೇ ಬೇಕು ಎಂದಾದರೆ ಕಾಲ್ಚಿಸಿನ್ ಇಲ್ಲದೆಯೇ ಮುಂದುವರಿಯುವುದು ನನ್ನ ಸಲಹೆ. ಸ್ಟ್ಯಾಟಿನ್ ಜೊತೆಗಿರುವುದರಿಂದ ತೊಡೆ, ಭುಜ ಸೋಲುತ್ತಿವೆಯೇ, ಕುಕ್ಕರುಗಾಲಿನಿಂದ ಏಳಲು ಕಷ್ಟವೇ ಎಂದು ಪ್ರತಿ ಭೇಟಿಯಲ್ಲೂ ಕೇಳಿ, ಹೌದೆಂದರೆ ಸಿಪಿಕೆ (ಸ್ನಾಯು ಹಾನಿ ತೋರಿಸುವ ರಕ್ತಪರೀಕ್ಷೆ) ಮಾಡಿಸಿ. ಶುರು ಮಾಡುವ ಮುಂಚೆ ರಕ್ತಕಣಗಳ ಎಣಿಕೆ, ಕ್ರಿಯಾಟಿನಿನ್, ಯಕೃತ್ತಿನ ಪರೀಕ್ಷೆ. ಇಜಿಎಫ್‌ಆರ್ (ಮೂತ್ರಪಿಂಡ ರಕ್ತ ಸೋಸುವ ವೇಗದ ಅಂದಾಜು) 30ಕ್ಕಿಂತ ಕೆಳಗಿದ್ದರೆ ಕೊಡಬೇಡಿ.

ನಮ್ಮಲ್ಲಿ ಅಪಾಯ ಬರುವುದು ಇನ್ನೊಬ್ಬರ ಚೀಟಿಯಿಂದ. ಗ್ಯಾಸ್ಟ್ರಿಕ್ ಎಂದು ಹೋದವರಿಗೆ ಸಿಗುವ ಎಚ್. ಪೈಲೋರಿ ಕಿಟ್‌ನಲ್ಲಿ ಕ್ಲಾರಿಥ್ರೊಮೈಸಿನ್ ಇರುತ್ತದೆ. ಹುಳುಕಡ್ಡಿಗೆ ವಾರಗಟ್ಟಲೆ ಕೊಡುವ ಇಟ್ರಾಕೊನಜೋಲ್ ಕೂಡ ಅಷ್ಟೇ ಬಲವಾದ ತಡೆ. ಕಾಲ್ಚಿಸಿನ್ ಮತ್ತು ಕ್ಲಾರಿಥ್ರೊಮೈಸಿನ್ ಒಟ್ಟಿಗೆ ಪಡೆದ 88 ಮಂದಿಯಲ್ಲಿ 9 ಮಂದಿ ಸತ್ತದ್ದು 2005ರಲ್ಲಿ ಹಾಂಗ್‌ಕಾಂಗ್‌ನಿಂದ ವರದಿಯಾಗಿದೆ. ಕಾಲ್ಚಿಸಿನ್ ಚೀಟಿಯ ಮೇಲೆ ಈ ಎರಡು ಹೆಸರನ್ನು ಕನ್ನಡದಲ್ಲೇ ದೊಡ್ಡದಾಗಿ ಬರೆದು, ‘ಇವನ್ನು ಯಾರು ಕೊಟ್ಟರೂ ಮೊದಲು ನನಗೆ ತೋರಿಸಿ’ ಎಂದು ಸೇರಿಸಿ. ಭೇದಿ, ವಾಂತಿ ಶುರುವಾದ ದಿನವೇ ಮಾತ್ರೆ ನಿಲ್ಲಿಸಲು ಹೇಳಿ.

ಇನ್ನೊಂದು. ಇದೇ ಕಾಲ್ಚಿಸಿನ್ ನಮ್ಮ ಬೇಲಿಗಳಲ್ಲಿ ಮಳೆಗಾಲದಲ್ಲಿ ಅರಳುವ ಗೌರಿ ಹೂವಿನ, ಅಗ್ನಿಶಿಖೆಯ, ಗೆಡ್ಡೆಯಲ್ಲೂ ಬೀಜದಲ್ಲೂ ಇದೆ. ‘ಹಾರ್ಟಿಗೆ ಒಳ್ಳೆಯದಂತೆ’ ಎಂಬ ಮಾತು ಹೊರಗೆ ಹರಡಿದರೆ ಯಾರಾದರೂ ಗೆಡ್ಡೆ ಅರೆದು ಕುಡಿದಾರು. ಮಾತ್ರೆಯಲ್ಲಿ ಅರ್ಧ ಮಿಲಿಗ್ರಾಂ ಎಂದು ಗೊತ್ತಿರುತ್ತದೆ, ಗೆಡ್ಡೆಯಲ್ಲಿ ಎಷ್ಟು ಎಂದು ಯಾರಿಗೂ ಗೊತ್ತಿರುವುದಿಲ್ಲ. ತಿಂದವರು ಬಂದರೆ ಮೊದಲ ದಿನ ಬರೀ ವಾಂತಿ-ಭೇದಿ ಕಾಣುತ್ತದೆ, ಫುಡ್ ಪಾಯ್ಸನ್ ಎಂದು ಮನೆಗೆ ಕಳಿಸಿಬಿಡುವ ಸಾಧ್ಯತೆ ಹೆಚ್ಚು. ಕಳಿಸಬೇಡಿ. ಎರಡನೇ ದಿನದಿಂದ ವಾರದವರೆಗೆ ಬಿಳಿ ಕಣ, ಪ್ಲೇಟ್‌ಲೆಟ್ ಕುಸಿದು, ಮೂತ್ರಪಿಂಡ, ಹೃದಯ ಕೈಕೊಡುತ್ತವೆ. ಡಯಾಲಿಸಿಸ್‌ನಿಂದ ಈ ವಿಷ ಹೊರಹೋಗುವುದಿಲ್ಲ, ಅಂಗಡಿಯಲ್ಲಿ ಸಿಗುವ ಪ್ರತಿವಿಷವೂ ಇಲ್ಲ. ಬೇಗ ಬಂದರೆ ಆಕ್ಟಿವೇಟೆಡ್ ಚಾರ್‌ಕೋಲ್ ಕೊಟ್ಟು, ಡ್ರಿಪ್ ಹಾಕಿ, ದಿನವೂ ರಕ್ತಕಣ ಎಣಿಸುವ, ಐಸಿಯು ಇರುವ ಆಸ್ಪತ್ರೆಗೆ ಅದೇ ದಿನ ಕಳಿಸಿ.